ಹೆಸರು ಕೊಟ್ಟ ಪುಸ್ತಕವೇ ಮೂಲೆಗೆ

ಮಾನ್ಯರೇ,

‘ಗ್ರೀನ್ ಬುಕ್’ ಸಿನಿಮಾ ನೋಡಿದವರಲ್ಲಿ ಕೆಲವರು ನಕ್ಕು, ಕಣ್ಣೊರೆಸಿಕೊಂಡು ಹೊರಗೆ ಬಂದರು. ಕೆಲವರಿಗೆ ಸಿಟ್ಟು ಬಂತು. 2019ರಲ್ಲಿ ಅದಕ್ಕೆ ಅತ್ಯುತ್ತಮ ಚಿತ್ರದ ಆಸ್ಕರ್ ಸಿಕ್ಕ ಮೇಲಂತೂ ಜಗಳ ಇನ್ನೂ ಜಾಸ್ತಿಯಾಯಿತು. ನಾನು ಕಣ್ಣೊರೆಸಿಕೊಂಡವರ ಪೈಕಿ. ಆದರೂ ಸಿಟ್ಟಾದವರ ಮಾತನ್ನು ಸುಮ್ನೆ ತಳ್ಳಿಹಾಕಲು ಮನಸ್ಸು ಬರುತ್ತಿಲ್ಲ.

ಕಥೆ 1962ರದು. ಕಪ್ಪು ಪಿಯಾನೊ ವಾದಕ ಡಾನ್ ಶರ್ಲಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಕಛೇರಿ ಕೊಡಲು ಹೊರಡುತ್ತಾರೆ. ಕಾರು ಓಡಿಸುವವನು ಬಿಳಿಯ ಟೋನಿ. ಚಿತ್ರಕಥೆ ಬರೆದವರಲ್ಲಿ ಟೋನಿಯ ಮಗನೂ ಒಬ್ಬರು. ಹಾಗಾಗಿ ಎಲ್ಲವೂ ಡ್ರೈವರ್ ಸೀಟಿನಿಂದಲೇ ಕಾಣುತ್ತದೆ; ಸಿಟ್ಟಾದವರ ದೂರು ಅದೇ. ಸಿನಿಮಾದಲ್ಲಿ ಇಬ್ಬರೂ ಗೆಳೆಯರಾಗುತ್ತಾರೆ; ಆದರೆ ನಿಜದಲ್ಲಿ ಅವರದು ಗೆಳೆತನವೇ ಅಲ್ಲ, ಕೆಲಸದ ನಂಟಷ್ಟೇ ಎಂದು ಶರ್ಲಿ ಮನೆಯವರು ಹೇಳಿದರು. ಕೇಳೋಣವೆಂದರೆ ಶರ್ಲಿ 2013ರಲ್ಲೇ ತೀರಿಕೊಂಡಿದ್ದಾರೆ.

ನನ್ನನ್ನು ಕಾಡಿದ್ದು ಬೇರೆಯೇ. ಸಿನಿಮಾಕ್ಕೆ ಹೆಸರು ಕೊಟ್ಟ ಪುಸ್ತಕಕ್ಕೆ ಅದರಲ್ಲಿ ಜಾಗವೇ ಕಡಿಮೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿದ್ದ ಪೋಸ್ಟ್‌ಮ್ಯಾನ್ ವಿಕ್ಟರ್ ಹ್ಯೂಗೊ ಗ್ರೀನ್ 1936ರಲ್ಲಿ ಅದನ್ನು ಶುರುಮಾಡಿದರು. ಆಗ ಅಮೆರಿಕದ ಎಷ್ಟೋ ಹೋಟೆಲುಗಳು ಕಪ್ಪು ಜನರನ್ನು ಒಳಗೆ ಬಿಡುತ್ತಿರಲಿಲ್ಲ. ಅವರು ಎಲ್ಲಿ ತಂಗಬಹುದು, ಎಲ್ಲಿ ಊಟ ಸಿಗುತ್ತದೆ, ಎಲ್ಲಿ ಪೆಟ್ರೋಲ್ ಹಾಕುತ್ತಾರೆ ಎಂಬ ಪಟ್ಟಿ ಅದು. ಗೊತ್ತಿಲ್ಲದ ಊರಲ್ಲಿ ಕತ್ತಲಾದಾಗ ಅಂಥ ಪಟ್ಟಿಯೇ ಆಸರೆ, ಅಲ್ವಾ? ಅದನ್ನು ಕೈಯಲ್ಲಿ ಹಿಡಿದು ಮಕ್ಕಳೊಂದಿಗೆ ಹೊರಟ ಕುಟುಂಬಗಳ ಕಥೆಯನ್ನು ಯಾರಾದರೂ ಸಿನಿಮಾ ಮಾಡಿದರೆ ಮೊದಲ ದಿನವೇ ಟಿಕೆಟ್ ತೆಗೆದುಕೊಳ್ಳುತ್ತೇನೆ.

– ಒಬ್ಬ ಪ್ರೇಕ್ಷಕ