ಥೈರಾಯ್ಡ್ ಮಾತ್ರೆ ಜೊತೆ ಒಂದು ಕನ್ನಡ ಚೀಟಿಯೂ ಇರಲಿ

ಸಂಪಾದಕರೇ,

ಥೈರಾಯ್ಡ್ ಕಡಿಮೆ ಇದೆ ಅಂತ ವೈದ್ಯರು ಲೆವೊಥೈರಾಕ್ಸಿನ್ ಬರೆದುಕೊಡುತ್ತಾರೆ, ಅಂಗಡಿಯವರು ಡಬ್ಬಿ ಕೈಗಿಡುತ್ತಾರೆ, ಆದರೆ ಅದನ್ನು ಹೇಗೆ ತೆಗೆದುಕೊಳ್ಳಬೇಕು ಅಂತ ಬಿಡಿಸಿ ಹೇಳುವವರು ಕಡಿಮೆ. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಬರೀ ನೀರಿನ ಜೊತೆ ನುಂಗಿ, ಕಾಫಿ ತಿಂಡಿಗೆ ಅರ್ಧದಿಂದ ಒಂದು ಗಂಟೆ ಕಾಯಬೇಕು. ಕಾಫಿ ಜೊತೆಗೇ ನುಂಗಿದರೆ ಔಷಧಿ ಮೈಗೆ ಸರಿಯಾಗಿ ಹತ್ತುವುದಿಲ್ಲ. ಕ್ಯಾಲ್ಸಿಯಂ, ಕಬ್ಬಿಣದ ಮಾತ್ರೆಗಳಿಗೆ 4 ಗಂಟೆ ಅಂತರ ಬೇಕು. ಬಸುರಿಯರಿಗೆ ಇವೆರಡನ್ನೂ ಕೊಡುತ್ತಾರೆ ಅಲ್ವಾ, ಅವರಿಗೆ ಇದನ್ನು ಹೇಳಲೇಬೇಕು, ಯಾಕೆಂದರೆ ಮೊದಲ ತಿಂಗಳುಗಳಲ್ಲಿ ಮಗುವಿನ ಮೆದುಳಿನ ಬೆಳವಣಿಗೆಗೆ ತಾಯಿಯ ಥೈರಾಯ್ಡ್ ಹಾರ್ಮೋನೇ ಆಧಾರ.

ಟಿಎಸ್‌ಎಚ್ (ಥೈರಾಯ್ಡ್ ಸರಿ ಇದೆಯಾ ಅಂತ ನೋಡುವ ರಕ್ತ ಪರೀಕ್ಷೆ) ನಾರ್ಮಲ್ ಬಂತು ಅಂತ ಎಷ್ಟೋ ಜನ ಸುಮ್ನೆ ಮಾತ್ರೆ ಬಿಟ್ಟುಬಿಡುತ್ತಾರೆ. ಅದು ನಾರ್ಮಲ್ ಬಂದಿದ್ದೇ ಮಾತ್ರೆಯಿಂದ! ತೂಕ ಇಳಿಯಲಿ ಅಂತ ತಾವೇ ಡೋಸ್ ಜಾಸ್ತಿ ಮಾಡಿಕೊಳ್ಳುವುದು ಇನ್ನೂ ಅಪಾಯ. ಎದೆಬಡಿತ ಏರುಪೇರಾಗುತ್ತದೆ, ಮೂಳೆ ಸವೆಯುತ್ತದೆ. ಡೋಸ್ ಬದಲಾದರೆ 6ರಿಂದ 8 ವಾರದ ಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು.

ಔಷಧಿ ಅಂಗಡಿಗಳಲ್ಲಿ, ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಇಷ್ಟನ್ನು ದಪ್ಪ ಅಕ್ಷರದ ಕನ್ನಡ ಚೀಟಿಯಲ್ಲಿ ಅಚ್ಚು ಹಾಕಿಸಿ ಮಾತ್ರೆ ಜೊತೆ ಕೊಡುವಂತೆ ಆರೋಗ್ಯ ಇಲಾಖೆ ನೋಡಿಕೊಳ್ಳಲಿ.

– ಓದುಗರೊಬ್ಬರು, ದಾವಣಗೆರೆ