ಪರ್ಷಿಯನ್ ಶೈಲಿ ಮೊಘಲರಿಗಿಂತ ಮೊದಲೇ ಬಂದಿತ್ತು

ಮಾನ್ಯ ಸಂಪಾದಕರೇ,

ಭಾನುವಾರದ ಪುರವಣಿಯಲ್ಲಿ ಪ್ರಕಟವಾದ ಹಸ್ತಪ್ರತಿ ಚಿತ್ರಗಳ ಕುರಿತ ಲೇಖನವನ್ನು ಓದಿದರೆ, ಭಾರತಕ್ಕೆ ಪರ್ಷಿಯನ್ ಶೈಲಿ ಕಾಲಿಟ್ಟದ್ದೇ ಮೊಘಲರ ಕಾಲದಲ್ಲಿ ಎಂಬ ಭಾವನೆ ಮೂಡುತ್ತದೆ. ಪರ್ಷಿಯಾದ ಚಿತ್ರಕಾರರಾದ ಮೀರ್ ಸೈಯದ್ ಅಲಿ ಮತ್ತು ಅಬ್ದುಸ್ ಸಮದ್ ಅವರನ್ನು ಹುಮಾಯೂನನು ಕರೆಸಿಕೊಂಡದ್ದು ನಿಜ. ಆದರೆ ಅದಕ್ಕಿಂತ ನೂರು ವರ್ಷಕ್ಕೂ ಹಿಂದೆಯೇ ಪಶ್ಚಿಮ ಭಾರತದ ಜೈನ ಹಸ್ತಪ್ರತಿಗಳಲ್ಲಿ ಆ ಶೈಲಿಯ ಗುರುತುಗಳಿವೆ.

ಕಾಲಕಾಚಾರ್ಯ ಕಥೆಯ ಪ್ರತಿಗಳನ್ನೇ ನೋಡಬಹುದು. ಉಜ್ಜಯಿನಿಯ ಅರಸ ಗರ್ದಭಿಲ್ಲನು ಅಪಹರಿಸಿದ ತನ್ನ ತಂಗಿಯನ್ನು ಬಿಡಿಸಲು ಕಾಲಕ ಮುನಿಯು ಪರದೇಶದ ಶಕರ ನೆರವು ಕೋರುವ ಈ ಕಥೆಯಲ್ಲಿ, ಮುನಿಯನ್ನು ಸ್ಥಳೀಯ ರೂಢಿಯಂತೆ ಚೂಪು ಮೂಗು ಮತ್ತು ಕೆನ್ನೆಯಾಚೆಗೆ ಚಾಚಿಕೊಂಡ ಕಣ್ಣಿನೊಂದಿಗೆ ಬರೆದ ಚಿತ್ರಕಾರನೇ, ಶಕ ದೊರೆಯನ್ನು ಮಾತ್ರ ಪರ್ಷಿಯನ್ ಗ್ರಂಥಗಳ ಸುಲ್ತಾನನ ಉಡುಪು, ಮುಖಚಹರೆಗಳಲ್ಲಿ ಚಿತ್ರಿಸಿದ್ದಾನೆ. ಪರದೇಶದವನನ್ನು ತೋರಿಸಲು ಪರದೇಶದ ಶೈಲಿ! ಇದು ಕಣ್ಣುಮುಚ್ಚಿ ಮಾಡಿದ ಅನುಕರಣೆಯಲ್ಲ, ಅರಿತು ಮಾಡಿದ ಆಯ್ಕೆ. ಇಷ್ಟಾದರೂ ಹಳೆಯ ರೂಢಿ ಸುಲಭವಾಗಿ ಬಿಡಲಿಲ್ಲ: ತಾಳೆಗರಿ ಹೋಗಿ ಕಾಗದ ಬಂದ ಮೇಲೂ ಹಾಳೆಯನ್ನು ಗರಿಯಂತೆ ಅಡ್ಡಲಾಗಿಯೇ ಕತ್ತರಿಸುತ್ತಿದ್ದರು, ದಾರ ಪೋಣಿಸುವ ರಂಧ್ರವಿದ್ದ ಜಾಗದಲ್ಲಿ ಬಣ್ಣದ ಬೊಟ್ಟೊಂದನ್ನು ಅಲಂಕಾರಕ್ಕೆಂದು ಉಳಿಸಿಕೊಂಡಿದ್ದರು.

ಸುಮಾರು 1500ರ ಹೊತ್ತಿಗೆ ಮಾಳ್ವದ ಸುಲ್ತಾನರ ರಾಜಧಾನಿ ಮಾಂಡುವಿನಲ್ಲಿ ಸಿದ್ಧವಾದ, ಈಗ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಅಡುಗೆಯ ಗ್ರಂಥ ನಿಅಮತ್‌ನಾಮಾದಲ್ಲಿ ಹುಲ್ಲು, ಹೂಗಳ ನೆಲವೆಲ್ಲ ಪರ್ಷಿಯಾದ ಶೀರಾಜ್ ನಗರದ ಮಾದರಿಯದು. ಆದರೆ ಸುಲ್ತಾನ ಘಿಯಾಸ್ ಷಾನ ಸುತ್ತ ಓಡಾಡುವ ಹೆಂಗಸರಲ್ಲಿ ಹಲವರು ಉಡುಗೆಯಲ್ಲೂ ಪಾರ್ಶ್ವಮುಖದಲ್ಲೂ ಅಪ್ಪಟ ಇಲ್ಲಿಯವರು.

ಲೇಖನದಲ್ಲಿ ಕರ್ನಾಟಕದ ಪ್ರಸ್ತಾಪವೇ ಇಲ್ಲದಿರುವುದು ನನಗೆ ಹೆಚ್ಚು ಬೇಸರ ತಂದಿತು. ಮೂಡಬಿದಿರೆಯ ಜೈನ ಗ್ರಂಥ ಧವಲಾದ ತಾಳೆಗರಿಗಳ ಮೇಲೆ 12ನೇ ಶತಮಾನದಲ್ಲೇ ಚಿತ್ರಗಳು ಮೂಡಿದ್ದವು. ವಿಜಯಪುರದ ಆದಿಲ್‌ಶಾಹಿ ಆಸ್ಥಾನದಲ್ಲಿ 1570ರಲ್ಲಿ ರಚನೆಯಾದ ನುಜೂಮ್ ಉಲ್ ಉಲೂಮ್ ಪರ್ಷಿಯನ್ ಭಾಷೆಯ ಜ್ಯೋತಿಷ ಗ್ರಂಥವಾದರೂ, ತಾಂತ್ರಿಕ ದೇವತೆಗಳನ್ನು ಹೋಲುವ ಹೆಣ್ಣುರೂಪಗಳು ಅದರ ಪುಟಗಳಲ್ಲಿವೆ. ಅದೀಗ ಡಬ್ಲಿನ್ನಿನ ಚೆಸ್ಟರ್ ಬೀಟಿ ಗ್ರಂಥಾಲಯದಲ್ಲಿದೆ. ಮುಂದೆ ಈ ವಿಷಯದ ಬಗ್ಗೆ ಪ್ರಕಟಿಸುವಾಗ ಇವೆರಡರ ಒಂದೊಂದು ಪುಟವನ್ನಾದರೂ ಅಕ್ಕಪಕ್ಕದಲ್ಲಿ ಅಚ್ಚು ಹಾಕಬೇಕೆಂದು ಕೋರುತ್ತೇನೆ.

ಇತಿ,
ಪತ್ರಿಕೆಯ ಓದುಗ