ಕೀಹೋಲ್ ಸರ್ಜರಿ: ಅಪಾಯವನ್ನೂ ತಿಳಿಸಿ

ಮಾನ್ಯರೇ,

ಎದೆಯಲ್ಲಿ ಸಣ್ಣ ರಂಧ್ರ ಮಾಡಿ ನಡೆಸುವ ಶ್ವಾಸಕೋಶದ ಕೀಹೋಲ್ ಶಸ್ತ್ರಚಿಕಿತ್ಸೆಗೆ ‘ಸಣ್ಣ ಗಾಯ, ಬೇಗ ಮನೆಗೆ’ ಎಂದಷ್ಟೇ ಹೇಳಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದು ಸರಿಯಲ್ಲ. ನೋವು ಕಡಿಮೆ, ಚೇತರಿಕೆ ಬೇಗ ಎಂಬುದು ನಿಜವೇ. ಆದರೆ ಶ್ವಾಸಕೋಶದ ಅಪಧಮನಿಗೆ ಪೆಟ್ಟಾಗಿ ರಕ್ತ ಸೋರಿದರೆ ತಕ್ಷಣ ಎದೆ ತೆರೆಯಬೇಕಾಗಬಹುದು. ಹಾಗೆ ತೆರೆಯುವುದನ್ನು ಯಾರೂ ವೈದ್ಯರ ಸೋಲೆಂದು ಭಾವಿಸಬಾರದು; ಜೀವ ಉಳಿಯುವುದೇ ಅದರಿಂದ. ಮೊದಲೇ ತಿಳಿಸಿದರೆ ಮನೆಯವರು ಗಾಬರಿಯಾಗುವುದಿಲ್ಲ.

ಆಪರೇಷನ್ ನಂತರ ಶ್ವಾಸಕೋಶದಿಂದ ಗಾಳಿ ಸೋರಿಕೆ 5 ದಿನ ದಾಟುವುದೂ ಉಂಟು. ಆ ಗಾಳಿ ಹೊರಹೋಗಲೆಂದು ಎದೆಗೆ ಹಾಕಿದ ನಳಿಕೆಯ ಬಾಟಲಿ ಸದಾ ಎದೆಮಟ್ಟಕ್ಕಿಂತ ಕೆಳಗಿರಬೇಕು. ಎಕ್ಸ್‌ರೇಗೆ ಕರೆದೊಯ್ಯುವಾಗ ಅದನ್ನು ರೋಗಿಯ ಹೊಟ್ಟೆಯ ಮೇಲಿಟ್ಟು ಸ್ಟ್ರೆಚರ್ ತಳ್ಳುವುದನ್ನು ಎಷ್ಟೋ ಸಲ ಕಂಡಿದ್ದೇನೆ. ಬಾಟಲಿಯ ನೀರಿನಲ್ಲಿ ಗುಳ್ಳೆ ಏಳುತ್ತಿರುವಾಗ ನಳಿಕೆಗೆ ಕ್ಲಾಂಪ್ ಹಾಕಿದರಂತೂ ಗಾಳಿ ಎದೆಯೊಳಗೇ ತುಂಬಿ ಪ್ರಾಣಕ್ಕೇ ಕುತ್ತು. ವಾರ್ಡಿನ ಆಯಾ, ಅಟೆಂಡರ್‌ಗಳಿಗೂ ಇದರ ತರಬೇತಿ ಬೇಕೇ ಬೇಕು.

ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲೇ ಶಸ್ತ್ರಚಿಕಿತ್ಸಾ ಸುರಕ್ಷತೆಯ ತಪಾಸಣಾ ಪಟ್ಟಿ ಕೊಟ್ಟಿದೆ. ಅದನ್ನು ಕಡ್ಡಾಯವಾಗಿ ಪಾಲಿಸಲಿ. ಇಂಥ ಆಪರೇಷನ್ ಎಷ್ಟು ಮಾಡಿದ್ದಾರೆ, ಎಷ್ಟರಲ್ಲಿ ಎದೆ ತೆರೆಯಬೇಕಾಯಿತು ಎಂಬ ಲೆಕ್ಕವನ್ನು ರೋಗಿ ಕೇಳಿದರೆ ಕೊಡುವಂತೆ ಆರೋಗ್ಯ ಇಲಾಖೆ ಎಲ್ಲ ಆಸ್ಪತ್ರೆಗಳಿಗೂ ಆದೇಶಿಸಲಿ.

– ಒಬ್ಬ ಶುಶ್ರೂಷಕಿ, ಹುಬ್ಬಳ್ಳಿ